ಮೂರನೆಯ ಗಂಟು

ಬುತ್ತಿಯ ಗಂಟನ್ನು ಅವರು ಹಲ್ಲಿನಿಂದ ಬಿಚ್ಚುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬಟ್ಟೆಯ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅವರು ದೇವದುರ್ಗದ ನಮ್ಮ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅತಿಥಿ ಉಪನ್ಯಾಸಕಿ. ನಮಗೆ ಬರೀ ‘ಮೇಡಂ’.

ಆ ವರ್ಷ ನಾನು ವಿಜ್ಞಾನ ಬಿಡುವವಳಿದ್ದೆ. ಕನ್ನಡ ಶಾಲೆಯಿಂದ ಬಂದವಳಿಗೆ ಇಂಗ್ಲಿಷಿನ ಪಾಠ ತಲೆಗೆ ಹತ್ತುತ್ತಿರಲಿಲ್ಲ. ತಿಳಿಯದಿರುವುದೆಂದರೆ ದಡ್ಡತನ ಎಂದೇ ನಂಬಿದ್ದೆ. ಕಲಾ ವಿಭಾಗಕ್ಕೆ ಹೋಗಲು ಅರ್ಜಿ ಬರೆದು ಪುಸ್ತಕದೊಳಗೆ ಇಟ್ಟುಕೊಂಡಿದ್ದೆ.

ಜೀವಕೋಶದ ಶಕ್ತಿಯ ಪಾಠದ ದಿನ ಮೇಡಂ ತಮ್ಮ ಬುತ್ತಿಯನ್ನೇ ಮೇಜಿನ ಮೇಲಿಟ್ಟರು. “ಮನ್ಯಾಗ ಜ್ವಾಳದ ಚೀಲ ಅದ. ಹೊಲದಾಗ ಹಸಿವಾದ್ರ ಕಾಳು ಮುಕ್ಕತೀರೇನು? ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು. ಮೈಯಾಗಿನ ಸಕ್ಕರಿ, ಕೊಬ್ಬು ಜ್ವಾಳ ಇದ್ದಂಗ. ಎಟಿಪಿ ಅಂದ್ರ ಜೀವಕೋಶ ಕೈಗೆತ್ತಿಕೊಳ್ಳೋ ಬುತ್ತಿ.”

ಬಟ್ಟೆಗೆ ಒಂದರ ಮೇಲೊಂದು ಮೂರು ಗಂಟು ಹಾಕಿ ತಂದಿದ್ದರು, ಎಟಿಪಿ ಕಣದಲ್ಲಿರುವ ಮೂರು ಫಾಸ್ಫೇಟಿನ ಲೆಕ್ಕಕ್ಕೆ. ಮೂರನೆಯದು ಬಿಚ್ಚಿದರೆ ಶಕ್ತಿ ಹೊರಗೆ. ಅದೇ ಬಟ್ಟೆ ಮನೆಗೆ ಹೋಗಿ ಮತ್ತೆ ಕಟ್ಟಿಸಿಕೊಂಡು ಬರುತ್ತದೆ. “ಶಕ್ತಿ ಈ ಗಂಟಿನಾಗ ಅದ” ಎಂದು ಹಲ್ಲು ಹಾಕಿ ಜಗ್ಗಿದರು. ಗಂಟು ಬಿಚ್ಚಲಿಲ್ಲ.

“ಮೇಡಂ, ಬಿಚ್ಚಾಕ ನಿಮ್ಮ ಶಕ್ತಿನೇ ಹೊಂಟದಲ್ರಿ!”

ಕೇಳಿದ್ದು ನಾನು ಎಂದು ನನ್ನ ನೆನಪು. ಆಗ ಜೊತೆಗೆ ಓದಿದ, ಈಗ ಮಾನ್ವಿಯಲ್ಲಿರುವ ಗೆಳತಿ, “ಹೋಗಬೇ, ಕೇಳಿದಾಕಿ ನಾನು” ಎನ್ನುತ್ತಾಳೆ. ಇರಲಿ. ತರಗತಿ ನಕ್ಕಿತು. ಮೇಡಂ ಬಾಯಿಂದ ಬಟ್ಟೆ ತೆಗೆದರು.

“ಹೌದಲ್ಲ! ನನಗ ಗೊತ್ತಿಲ್ಲವ್ವಾ. ನಾಳಿ ಹೇಳ್ತೀನಿ.”

ಪ್ರತಿ ವರ್ಷ ಹೊಸದಾಗಿ ನೇಮಕವಾಗಬೇಕಾದ ಕೆಲಸ ಅವರದು. ಅಂಥವರಿಗೆ ‘ಗೊತ್ತಿಲ್ಲ’ ಎಂಬ ಮಾತು ಹಗುರವಾಗಿರಲಾರದು. ಮರುದಿನ ಹಾಜರಿಗೂ ಮೊದಲೇ ಹೇಳಿದರು: “ನಿನ್ನೆ ಹೇಳಿದ್ದು ತಪ್ಪು. ಗಂಟು ಬಿಚ್ಚಾಕ ಶಕ್ತಿ ಕೊಡಬೇಕು. ಬಿಚ್ಚಿದ್ದು ನೀರಿನ ಜೋಡಿ ಹೊಸದಾಗಿ ಕೂಡ್ತದ. ಆಗ ಕೊಟ್ಟಿದ್ದಕ್ಕಿಂತ ಹೆಚ್ಚು ಹೊರಗ ಬರ್ತದ. ಬರಕೋರಿ.”

ಕೈಗೆ ಸಿಕ್ಕಿದ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ. ಅದು ನನ್ನ ಅರ್ಜಿ. ಅದನ್ನು ಕೊಡಲಿಲ್ಲ.

ಈಗ ರಾಯಚೂರಿನಲ್ಲಿ ನಾನೂ ಅದೇ ಪಾಠ ಮಾಡುತ್ತೇನೆ. ಮೇಡಂ ತೀರಿಕೊಂಡದ್ದು ತಿಂಗಳಾದ ಮೇಲೆ ತಿಳಿಯಿತು. ಅರ್ಜಿಯ ವಿಷಯ ಅವರಿಗೆ ಹೇಳಲೇ ಇಲ್ಲ. ಮೊನ್ನೆ ಹುಡುಗಿಯೊಬ್ಬಳ ಪ್ರಶ್ನೆಗೆ “ಗೊತ್ತಿಲ್ಲ, ನಾಳಿ ಹೇಳ್ತೀನಿ” ಎಂದೆ. ದನಿ ನಡುಗಿತು. ಮೇಡಂ ದನಿ ನಡುಗಿರಲಿಲ್ಲ ಎಂದೇ ಇಷ್ಟು ವರ್ಷ ನೆನೆದಿದ್ದೆ. ಈಗ ಅನುಮಾನ. ನಡುಗಿರಬಹುದು. ಆದರೂ ಹೇಳಿದರು.