ಹಿಂದಿನ ಬೆಂಚಿನ ಹಾರ್ನ್ ಮಾಮ

ನಂಬಿದರೆ ಹತ್ತಿಕೊಳ್ಳಿ, ನಂಬದಿದ್ದರೆ ಈ ಬಸ್ಸು ತಪ್ಪಿತು ಎಂದುಕೊಳ್ಳಿ. ಈ ಬರಹದಲ್ಲಿ ಬರುವ ಕಪ್ಪೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಪ್ಪಟ ನಿಜ.

ಆಗತಾನೇ ಬೆಳಕು ಹರಿಯುತ್ತಿದೆ. ಹೈಸ್ಕೂಲಿನ ಹಿತ್ತಲಲ್ಲಿ ಹಳದಿ ಬಸ್ಸಿನ ಮುಖ ತೊಳೆಯುತ್ತಿರುವ ಡ್ರೈವರ್ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಹೆಡ್‌ಲೈಟಿಗೆ ಪಾಠ ಒಪ್ಪಿಸುತ್ತಿದ್ದಾರೆ. "ಹುಲ್ಲನ್ನ ಮಿಡತೆ ತಿನ್ನುತ್ತೆ, ಮಿಡತೇನ ಕಪ್ಪೆ ತಿನ್ನುತ್ತೆ, ಕಪ್ಪೇನ ಹಾವು ತಿನ್ನುತ್ತೆ, ಹಾವನ್ನ ಹದ್ದು ತಿನ್ನುತ್ತೆ..." ಇಷ್ಟು ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. "ತಿಂಡಿ ತಿಂದಿಲ್ಲ ನೋಡಿ, ಈ ಪಾಠ ಹೇಳ್ತಾ ಇದ್ರೆ ಹೊಟ್ಟೆ ಕರೀತದೆ."

ಮಕ್ಕಳ ಬಾಯಲ್ಲಿ ಇವರು ಹಾರ್ನ್ ಮಾಮ. ಒಮ್ಮೆ ನಡುದಾರಿಯಲ್ಲಿ ಬಸ್ಸಿನ ಹಾರ್ನ್ ಕೈಕೊಟ್ಟಾಗ ಕಿಟಕಿಯಿಂದ ತಲೆ ಹೊರಹಾಕಿ, ಬಾಯಲ್ಲೇ "ಪೊಂಯ್ಞ್, ಪೊಂಯ್ಞ್" ಎನ್ನುತ್ತ ಎಲ್ಲರನ್ನೂ ಮನೆ ಮುಟ್ಟಿಸಿದ್ದರು. ಹಾರ್ನ್ ಮರುದಿನವೇ ರಿಪೇರಿಯಾಯಿತು, ಹೆಸರು ಇವತ್ತಿಗೂ ಆಗಿಲ್ಲ. ಈಗ ಸ್ಕೂಟರ್, ಲಾರಿ, ಹಿಂದಕ್ಕೆ ಬರುವ ಕಾರು ಎಲ್ಲವೂ ಅವರ ಗಂಟಲಲ್ಲೇ ಪಾರ್ಕ್ ಆಗಿವೆ.

ಬೆಳಗಿನ ಟ್ರಿಪ್ ಮುಗಿದರೆ ಸಂಜೆಯವರೆಗೆ ಬಸ್ಸಿಗೆ ನಿದ್ದೆ. ಬೇರೆ ಡ್ರೈವರುಗಳು ಸೀಟಿನ ಮೇಲೆ ಕಾಲು ಚಾಚುತ್ತಾರೆ. ಇವರು ಹೈಸ್ಕೂಲಿನ ಪರಿಸರ ವಿಜ್ಞಾನ ತರಗತಿಯ ಹಿಂದಿನ ಬೆಂಚಿನಲ್ಲಿ ಕಾಲು ಮಡಿಸಿ ಕೂರುತ್ತಾರೆ. ಬೆಂಚು ಮಕ್ಕಳ ಅಳತೆಯದು. ಮೊಣಕಾಲು ಎದೆಗೆ ಬರುತ್ತದೆ. "ಸ್ಟೀರಿಂಗ್ ಇಲ್ಲ ಅನ್ನೋದೊಂದೇ ಕೊರತೆ" ಎಂದು ನಗುತ್ತಾರೆ.

ಓದು ನಿಂತದ್ದು ಇದೇ ತರಗತಿಯಲ್ಲಿ. ಅಪ್ಪ ಹಾಸಿಗೆ ಹಿಡಿದರು, ಇವರು ಲಾರಿ ಕ್ಲೀನರ್ ಆದರು. ಆಮೇಲೆ ವರ್ಷಕ್ಕೊಂದು ಪರೀಕ್ಷೆ ಕಟ್ಟಿ, ಬಿದ್ದು, ಎದ್ದು, ಒಂದೊಂದೇ ವಿಷಯ ದಾಟಿದರು. ಕೊನೆಗೆ ಉಳಿದದ್ದು ಪರಿಸರ ವಿಜ್ಞಾನ. ಅದನ್ನು ಮನೆಯಲ್ಲಿ ಕೂತು ಓದುವಂತಿಲ್ಲ, ಪ್ರಾಯೋಗಿಕ ಪರೀಕ್ಷೆಯಿದೆ, ತರಗತಿಗೆ ಬರಲೇಬೇಕು. ಬಸ್ಸಿನ ಮಕ್ಕಳೆಲ್ಲರ ಬಳಿ ಪಾಸ್ ಇದೆ, ಡ್ರೈವರ್ ಮಾತ್ರ ಇನ್ನೂ ಪಾಸ್ ಆಗಿಲ್ಲ.

ಲಿಖಿತ ಪರೀಕ್ಷೆಯನ್ನು ಹೇಗೋ ಗೆದ್ದಿದ್ದಾರೆ. ಪ್ರಾಯೋಗಿಕ ಇವತ್ತೇ. ಇದರಲ್ಲಿ ಎಡವಿದರೆ ಇನ್ನೊಂದು ವರ್ಷ ಕಾಯಬೇಕು. ತೊಂದರೆ ಏನೆಂದರೆ, ಅದೇ ತರಗತಿಯ ಮುಂದಿನ ಬೆಂಚಿನಲ್ಲಿ ಅವರ ಮಗಳಿದ್ದಾಳೆ.

"ಅವಳು ಕಾಲೇಜಿಗೆ, ನಾನಿನ್ನೂ ಹೈಸ್ಕೂಲಿಗೆ ಅಂತಾದ್ರೆ ಮನೇಲಿ ದೊಡ್ಡೋರು ಯಾರು ಹೇಳಿ? ನನ್ನ ರಿಪೋರ್ಟಿಗೆ ಅವಳು ಸಹಿ ಹಾಕ್ಬೇಕಾಗ್ತದೆ!" ಮಾತು ತಮಾಷೆಯದೇ. ಆದರೆ ಅಪ್ಪ–ಮಗಳು ಒಂದೇ ವರ್ಷ ಶಾಲೆ ಮುಗಿಸಬೇಕೆಂಬ ಆಸೆ ತಮಾಷೆಯದಲ್ಲ. ಆ ಮಾತು ಬಂದಾಗ ಬಟ್ಟೆ ಹಿಂಡುವ ಕೈ ಒಂದು ಗಳಿಗೆ ನಿಲ್ಲುತ್ತದೆ.

ಪರೀಕ್ಷೆಯ ಕ್ರಮ ಸರಳ. ಪ್ರತಿಯೊಬ್ಬರಿಗೂ ಹಿತ್ತಲಲ್ಲಿ ಹಗ್ಗ ಕಟ್ಟಿದ ಒಂದು ಚೌಕ ನೆಲ. ಅಲ್ಲಿ ಬದುಕುವುದನ್ನೆಲ್ಲ ಎರಡು ತಿಂಗಳು ಗಮನಿಸಿ ವರದಿ ಬರೆಯಬೇಕು, ಪರೀಕ್ಷೆಯ ದಿನ ತೋರಿಸಬೇಕು. ಆದರೆ ಹಗ್ಗ ದಾಟಬಾರದು, ಯಾವುದನ್ನೂ ಮುಟ್ಟಬಾರದು. ಡ್ರೈವರ್ ತಮ್ಮ ಚೌಕವನ್ನು ಬಸ್ಸಿನ ಪಕ್ಕದಲ್ಲೇ ಕೇಳಿ ಪಡೆದರು. ಮೊದಮೊದಲು ಹುಲ್ಲು, ಇರುವೆ, ಹಾದುಹೋಗುವ ಚಿಟ್ಟೆ ಬಿಟ್ಟರೆ ಬೇರೇನಿಲ್ಲ. ಒಂದು ಬೆಳಿಗ್ಗೆ ನೋಡುತ್ತಾರೆ, ಅಗಲ ಎಲೆಯ ನೆರಳಲ್ಲಿ ಹಸಿರು ಕಪ್ಪೆ!

"ಮೆಲ್ಲಗೆ ಪೊಂಯ್ ಅಂದೆ. ಅಲ್ಲಾಡ್ಲಿಲ್ಲ. ಲಾರಿ ಹಾರ್ನ್ ಹೊಡೆದೆ. ಊಹೂಂ! ಎಮ್ಮೆ ಕೂಡ ದಾರಿ ಬಿಡೋ ಹಾರ್ನ್ ಸ್ವಾಮಿ ಅದು. ಆಗ ಹೊಳೀತು. ದಿನಾ ಬೆಳಿಗ್ಗೆ ಇಲ್ಲೇ ನಿಲ್ಲಿಸಿ ಇಂಜಿನ್ ಬಿಸಿ ಮಾಡ್ತೀನಲ್ಲ, ಪಾಪ, ಅದರ ಕಿವಿ ಹೋಗಿದೆ."

ಅಂದಿನಿಂದ ಬಸ್ಸನ್ನು ಹಿತ್ತಲಿನ ಆ ತುದಿಯಲ್ಲಿ ನಿಲ್ಲಿಸುತ್ತಾರೆ. ನಲ್ಲಿ ಈ ತುದಿಯಲ್ಲಿದೆ, ಬಕೆಟ್ ಹೊತ್ತು ಹೊತ್ತು ಭುಜ ನೋಯುತ್ತದೆ. ಮಧ್ಯಾಹ್ನದ ಊಟ ಹಗ್ಗದ ಪಕ್ಕದಲ್ಲೇ, ಕಪ್ಪೆಗೆ ಜೊತೆಯಾಗಿ. ವರದಿಯ ತಲೆಬರಹ: 'ಶಬ್ದಮಾಲಿನ್ಯದಿಂದ ಕಿವುಡಾದ ಒಂದು ಕಪ್ಪೆ.'

ಟ್ರಿಪ್ ಹೊರಡುತ್ತದೆ. ಡ್ರೈವರಿನ ಹಿಂದಿನ ಸೀಟಿನಲ್ಲಿ ಮಗಳು ಉಗುರು ಕಚ್ಚುತ್ತ ಕೂತಿದ್ದಾಳೆ. ಇಂಜಿನ್ ಸದ್ದಿನ ಮರೆಯಲ್ಲಿ, ಇದನ್ನೆಲ್ಲ ಬರೆಯಲು ಬಂದು ಪಕ್ಕ ಕೂತ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ. "ಆ ಕಪ್ಪೆ ರಬ್ಬರ್ದು. ನಾನೇ ಇಟ್ಟಿದ್ದು."

ಏಕೆ?

"ಟೀಚರ್ ಪ್ರಶ್ನೆ ಕೇಳಿದ್ರೆ ಹಿಂದಿನ ಬೆಂಚಿಂದ 'ಪುಟ್ಟೀ, ಅಪ್ಪಂಗೆ ಒಂಚೂರು ಹೇಳ್ಕೊಡೇ' ಅಂತ ಕೂಗ್ತಾರೆ! ಈಗ ಇಡೀ ಸ್ಕೂಲೇ ನನ್ನನ್ನ ಪುಟ್ಟಿ ಅನ್ನುತ್ತೆ, ಗೇಟಿನ ವಾಚ್‌ಮನ್ ಕೂಡ. ಅದಕ್ಕೇ ನನ್ನ ಹಳೇ ಆಟದ ಸಾಮಾನಿಂದ ತಂದಿಟ್ಟೆ. ಅವತ್ತೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಇವರು ಸಂಜೆ ಮನೆಗೆ ಬಂದು, ಕಪ್ಪೆ ಸಿಕ್ತು ಅಂತ ಅಮ್ಮನ್ನ ಎತ್ತಿ ಗಿರಗಿರ ತಿರುಗಿಸಿಬಿಟ್ರು. ಹೇಗೆ ಹೇಳ್ಲಿ? ಅಮ್ಮಂಗೆ ಹೇಳಿದ್ರೆ, 'ನೀನಿಟ್ಟ ಕಪ್ಪೆ, ನೀನೇ ಎತ್ತು' ಅಂದ್ರು. ಎತ್ತೋಣ ಅಂದ್ರೆ ಅಪ್ಪ ಜಾಗ ಬಿಟ್ಟು ಕದಲಲ್ಲ. ಈಗ ವರದೀಲೂ ಬರ್ದಾಗಿದೆ. ಸುಳ್ಳು ಬರೆದಿದ್ದಾರೆ ಅಂತ ಫೇಲ್ ಮಾಡಿಬಿಟ್ರೆ?"

ಮುಂದಿನ ತಿರುವಿನಲ್ಲಿ ಅಪ್ಪ ಸಂತೋಷ ತಡೆಯಲಾರದೆ ಹಾರ್ನ್ ಹೊಡೆಯುತ್ತಾರೆ. ಬಾಯಲ್ಲೇ.

ಹೊರಗಿನಿಂದ ಬಂದ ಪರೀಕ್ಷಕರು ನಗುವನ್ನು ಮನೆಯಲ್ಲೇ ಮರೆತು ಬಂದಂತಿದ್ದಾರೆ. ಒಂದೊಂದೇ ಚೌಕ ಮುಗಿಸಿಕೊಂಡು ಹಾರ್ನ್ ಮಾಮನ ಹಗ್ಗದ ಬಳಿ ನಿಲ್ಲುತ್ತಾರೆ. ಇಡೀ ತರಗತಿ ಸುತ್ತ ಸೇರಿದೆ. ಡ್ರೈವರ್ ತುಟಿಗೆ ಬೆರಳಿಟ್ಟು, ತುದಿಗಾಲಲ್ಲಿ ನಡೆದು ಎಲೆಯ ಕಡೆ ಕೈ ತೋರಿಸುತ್ತಾರೆ. ಪರೀಕ್ಷಕರು ಕರವಸ್ತ್ರ ಹಾಸಿ, ಅದರ ಮೇಲೆ ಮೊಣಕಾಲೂರುತ್ತಾರೆ. ಬಹಳ ಹೊತ್ತು ನೋಡುತ್ತಾರೆ.

"ಯಾವಾಗಿಂದ ಇದೆ ಇದು?"

"ತಿಂಗಳ ಮೇಲಾಯ್ತು ಸರ್. ಬಹಳ ಸಮಾಧಾನಿ."

"ಅಪ್ಪಾ!" ಮಗಳ ದನಿ ಸೀಳಿ ಬರುತ್ತದೆ. "ಅದು ರಬ್ಬರ್ದು ಅಪ್ಪಾ! ನಾನೇ ಇಟ್ಟೆ! ಸರ್, ಅಪ್ಪಂದೇನೂ ತಪ್ಪಿಲ್ಲ!"

ಪರೀಕ್ಷಕರು ಕಪ್ಪೆಯನ್ನು ಕಾಲು ಹಿಡಿದು ಎತ್ತುತ್ತಾರೆ. ಅದು ಅಲ್ಲಾಡದೆ ತಲೆಕೆಳಗಾಗಿ ನೇತಾಡುತ್ತದೆ. ಯಾರೂ ನಗುವುದಿಲ್ಲ. ಪರೀಕ್ಷಕರ ಕೈ ಕಿಸೆಯ ಪೆನ್ನಿನತ್ತ ಹೋಗುತ್ತಿದೆ. ಡ್ರೈವರಿನ ಕಣ್ಣು ಮಾತ್ರ ಪೆನ್ನಿನ ಮೇಲೂ ಇಲ್ಲ, ಕಪ್ಪೆಯ ಮೇಲೂ ಇಲ್ಲ.

"ಸರ್, ಸರ್, ವಾಪಸ್ ಇಡಿ! ಕೆಳಗೆ ಸಂಸಾರ ಇದೆ!"

ಕಪ್ಪೆ ಕೂತಿದ್ದ ಒದ್ದೆ ಮಣ್ಣಿನಲ್ಲಿ ಇರುವೆಗಳು ಬಿಳಿ ಮೊಟ್ಟೆ ಹೊತ್ತು ದಿಕ್ಕೆಟ್ಟು ಓಡುತ್ತಿವೆ. ಪಕ್ಕದಲ್ಲೇ ಪುಟ್ಟ ಬಸವನಹುಳುವೊಂದು ಕೊಂಬು ಒಳಗೆಳೆದುಕೊಂಡಿದೆ.

"ಬಿಸಿಲು ಬಿದ್ರೆ ಮೊಟ್ಟೆ ಒಣಗ್ತವೆ ಸರ್, ದಮ್ಮಯ್ಯ!"

ಪೆನ್ನು ಅಲ್ಲೇ ನಿಲ್ಲುತ್ತದೆ. "ಇವು ಇಲ್ಲಿಗೇ ಯಾಕೆ ಬಂದ್ವು?"

"ನೆರಳಿದೆ, ಒದ್ದೆ ಇದೆ, ತುಳಿಯೋರಿಲ್ಲ. ಬಸ್ಸೂ ದೂರ ಹೋಯ್ತು. ಬಾಡಿಗೆ ಕೇಳೋರೂ ಇಲ್ಲ ಸರ್."

"ಪುಸ್ತಕದಲ್ಲಿ ಇದಕ್ಕೆ ಏನಂತಾರೆ?"

ಡ್ರೈವರ್ ತಲೆ ಕೆರೆದುಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಮಗಳ ತುಟಿ ಅಲುಗುತ್ತದೆ, ಅವರು ಅತ್ತ ನೋಡುವುದಿಲ್ಲ. "ಆ... ಆವಾಸಸ್ಥಾನ, ಸರ್."

ಪರೀಕ್ಷಕರು ಕಪ್ಪೆಯನ್ನು ಇದ್ದಲ್ಲೇ, ಇದ್ದ ಹಾಗೇ, ಮೆಲ್ಲಗೆ ಕೂರಿಸುತ್ತಾರೆ. ಎದ್ದು ಮೊಣಕಾಲು ಕೊಡವಿಕೊಳ್ಳುತ್ತಾರೆ. "ಕಪ್ಪೆಗೆ ಸೊನ್ನೆ. ಕಪ್ಪೆ ಕೆಳಗಿನದಕ್ಕೆ ಪೂರ್ತಿ ಅಂಕ. ನೀವು ಪಾಸ್ ಕಣ್ರೀ."

ಮಕ್ಕಳು ಹೋ ಎನ್ನುತ್ತಾರೆ. ಮಗಳು ಓಡಿ ಬಂದು ಅಪ್ಪನ ತೋಳಿಗೆ ಮುಖ ಒತ್ತಿ ಅಳುತ್ತಾಳೆ. ಡ್ರೈವರ್ ಒಮ್ಮೆ ಅವಳನ್ನು, ಒಮ್ಮೆ ಆ ಸಮಾಧಾನಿಯನ್ನು ನೋಡುತ್ತಾರೆ. ಚಳಿಗಾಲದ ಡೀಸೆಲ್ ಇಂಜಿನ್ನಿನಂತೆ ಹೊಟ್ಟೆಯೊಳಗೆ ಏನೋ ಗುರ್ರ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುರ್ರ್ ಎನ್ನುತ್ತದೆ, ಆಮೇಲೆ ಒಮ್ಮೆಲೇ ನಗುವಾಗಿ ಹತ್ತಿಕೊಳ್ಳುತ್ತದೆ. ಪರೀಕ್ಷಕರ ಹೊಟ್ಟೆಯೂ ಕುಣಿಯತೊಡಗುತ್ತದೆ.

"ಅಯ್ಯೋ ಪುಟ್ಟೀ, 'ನಿನ್ನ ಕಿವಿ ಹಾಳು ಮಾಡ್ಬಿಟ್ಟೆ, ತಪ್ಪಾಯ್ತು ಕಣಪ್ಪಾ' ಅಂತ ದಿನಾ ಬೆಳಿಗ್ಗೆ ಅದರ ಹತ್ರ ಕೈ ಮುಗೀತಿದ್ದೆ ಕಣೇ! ದಿನಾ!"

ಇಡೀ ಹಿತ್ತಲು ನಗುತ್ತಿದೆ. ಆದರೂ ಗೇಟಿನ ವಾಚ್‌ಮನ್‌ಗೆ ಅಷ್ಟು ದೂರದಿಂದ ಕೇಳಿಸುತ್ತಿರುವುದು ಒಂದೇ ಒಂದು ನಗು, ಹಾರ್ನ್ ಮಾಮನದು.