ತಿಂದವನ ಮಾತು

ನಾನು ದಿನಾ ಸಂಜೆ ಇಡ್ಲಿ ತಿನ್ನುತ್ತಿದ್ದ ಫೋರ್ಟ್ ಬಡಾವಣೆಯ ಶುದ್ಧ ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯವರು, ನೋಟಿನಂತೆ ಹೊಗಳಿಕೆಯನ್ನೂ ಬೆಳಕಿಗೆ ಹಿಡಿದು ನೋಡುವವರು. ಯಾರು ಏನನ್ನು ಹೊಗಳಿದರೂ "ಅವ ತಿಂದವನಾ?" ಎಂದು ಕೇಳುತ್ತಿದ್ದರು.

ಒಮ್ಮೆ ನಾನು ಇಡ್ಲಿ ತಿನ್ನುತ್ತಿದ್ದಾಗ ಮಾಲೀಕರ ಮಗ, ನೆಟ್‌ನಲ್ಲಿ ಹೋಟೆಲಿಗೆ ಬಂದ ಐದು ಸ್ಟಾರಿನ ರಿವ್ಯೂಗಳನ್ನು ಗಲ್ಲಾಪೆಟ್ಟಿಗೆಯವರಿಗೆ ಹೆಮ್ಮೆಯಿಂದ ತೋರಿಸಿದ. ಇವರು ಕನ್ನಡಕ ಏರಿಸಿ ಒಂದೊಂದೇ ಓದಿದರು.

"ಫಿಶ್ ಫ್ರೈ ಭಾರಿ ಲಾಯ್ಕುಂಟಂತೆ. ನಾವು ಮೀನು ಯಾವಾಗ ಮಾಡಿದ್ದು ಮಾರಾಯ?"

ಮಗ ಮೊಬೈಲಿಗೆ ಕೈ ಚಾಚಿದ, ಇವರು ಕೊಡಲಿಲ್ಲ. ತಳದಲ್ಲಿ ಒಂದೇ ಸ್ಟಾರಿನದೊಂದು ಸಿಕ್ಕಿತು: ಸಂಜೆಯ ಸಾಂಬಾರು ಹಳಸಿರುತ್ತದೆ.

"ಇವ ತಿಂದವ" ಎಂದು ಎದ್ದು ಅಡುಗೆಮನೆಗೆ ಹೋದರು. ಸಾಂಬಾರಿನ ರುಚಿ ನೋಡಿ, ಇಡೀ ಪಾತ್ರೆಯನ್ನು ಮೋರಿಗೆ ಸುರಿಸಿದರು.

ವಾಪಸು ಬಂದು ನನ್ನ ಮುಖವನ್ನೇ ನೋಡಿದರು.

"ನೀವು ದಿನಾ ಸಾಂಬಾರು ಒಳ್ಳೇದುಂಟು ಹೇಳ್ತಿದ್ರಲ್ಲ?"