ಮರದಿಂದ ಅಳೆದ ಹೊಲ

ಸೂರ್ಯ ಇನ್ನೂ ಗುಡ್ಡದ ಆಚೆಗಿದ್ದಾನೆ. ಅಕ್ಕ ಹೊಟ್ಟೆಯ ಮೇಲೆ ಮಲಗಿ, ತೆಳ್ಳನೆಯ ಸರಳನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಿದ್ದಾರೆ. ನೆಟ್ಟಗೆ ಚುಚ್ಚಿದರೆ ನೆಲಬಾಂಬಿನ ನೆತ್ತಿಗೇ ತಗಲುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಗಲಿ, ಜೀವ ಉಳಿಯುತ್ತದೆ. ಇದನ್ನೆಲ್ಲ ಬರೆದುಕೊಳ್ಳಲು ಬಂದ ನಾನು ಅಪಾಯದ ಗುರುತಿನ ಕೆಂಪು ಗೂಟಗಳ ಈಚೆ ನಿಂತಿದ್ದೇನೆ.

"ನೀವ್ಯಾಕೆ ಉಸಿರು ಬಿಗಿಹಿಡ್ಕೊಂಡಿದ್ದೀರಿ? ಮಲಗಿರೋದು ನಾನು," ಎನ್ನುತ್ತಾರೆ ಅಕ್ಕ.

ನೆಲಬಾಂಬ್ ತೆಗೆಯುವ ತಂಡದಲ್ಲಿ ಎಲ್ಲರಿಗೂ ಆಕೆ ಅಕ್ಕನೇ. ಹಳೆಯ ಯುದ್ಧದಲ್ಲಿ ಈ ಹೊಲಕ್ಕೆ ಬಾಂಬ್ ಹುಗಿದದ್ದು ಶತ್ರುಗಳಲ್ಲ, ಅಕ್ಕನದೇ ದೇಶದ ಸೇನೆ. ಹುಗಿದವರಲ್ಲಿ ಅಕ್ಕನ ಅಪ್ಪನೂ ಒಬ್ಬರು. ನಕ್ಷೆ ಬರೆದಿಟ್ಟಿದ್ದರು, ನಿಜ. ಆದರೆ ಅಳತೆಯೆಲ್ಲ ಹೊಲದಂಚಿನ ದೊಡ್ಡ ಮರದಿಂದ ಶುರು. ಅದೇ ಚಳಿಗಾಲದಲ್ಲಿ ಇನ್ನೊಂದು ತುಕಡಿ ಬಂದು ಕಂದಕಕ್ಕೆ ಚಾವಣಿ ಹಾಕಲು ಮರ ಕಡಿಯಿತು, ಬೊಡ್ಡೆಯನ್ನೂ ಅಗೆದು ಉರಿಸಿತು. ಪಕ್ಕದಲ್ಲೇ ಆನೆಗಾತ್ರದ ಬಂಡೆಯಿತ್ತು. ಅದರಿಂದ ಅಳೆಯಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಮರ ಎಲ್ಲಿತ್ತು ಅಂದ್ರೆ ಅಪ್ಪ ದಿನಕ್ಕೊಂದು ಕಡೆ ಕೈ ತೋರಿಸ್ತಾರೆ," ಎಂದು ಅಕ್ಕ ನಗುತ್ತಾರೆ. ನಗುವಂಥದ್ದೇನಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕನ ಗಂಡನ ಕಾಲು ಹೋದದ್ದು ಇದೇ ಹೊಲದಲ್ಲಿ. ಆ ಬಾಂಬ್ ತಾನೇ ಹುಗಿದದ್ದಿರಬಹುದೆಂಬ ಸಂಕಟ ಅಪ್ಪನನ್ನು ಇಂದಿಗೂ ತಿನ್ನುತ್ತಿದೆ. ಗಂಡ ಮನೆಯಲ್ಲೇ ಚಪ್ಪಲಿ ಹೊಲಿಯುತ್ತಾರೆ. "ನನ್ನದು ಬೇಗ ಮುಗಿಯುತ್ತೆ, ಒಂದೇ ತಾನೆ," ಎಂದು ಅವರ ತಮಾಷೆ.

ದಿನವಿಡೀ ತೆವಳಿದರೂ ಒಂದು ಕೋಣೆಯಷ್ಟು ಜಾಗ ಶುಚಿಯಾದರೆ ಹೆಚ್ಚು. ಹೊಲ ಮುಗಿದ ದಿನ ಬಾಂಬ್ ತೆಗೆದವರೇ ಮೊದಲು ಅದನ್ನು ದಾಟಬೇಕು, ಹೊಲದ ಯಜಮಾನರು ಹಿಂದಿನಿಂದ ಬರಬೇಕು. ಇದು ತಂಡದ ಪದ್ಧತಿ. ಈ ಹೊಲದಲ್ಲಿ ಇನ್ನು ಉಳಿದಿರುವುದು ಒಂದೇ ಒಂದು ಪಟ್ಟಿ ನೆಲ.

ಅಷ್ಟರಲ್ಲಿ ಗಡಿಯಲ್ಲಿ ಮತ್ತೆ ಜಗಳ ಹೊಗೆಯಾಡುತ್ತಿದೆ. ಪಟ್ಟಿ ಮುಗಿದೊಡನೆ ಇಲ್ಲೇ ಹೊಸ ಬಾಂಬ್ ಹುಗಿಯುವುದಾಗಿ ಸೇನೆ ಹೇಳಿದೆ. ಕೇಳಿ ನನ್ನ ಮೈ ಉರಿಯಿತು. ಅಪ್ಪ ಬೆಳಿಗ್ಗೆಯೇ ಅಧಿಕಾರಿಯನ್ನು ಕಾಣಲು ಹೋಗಿದ್ದಾರೆ. ಮಧ್ಯಾಹ್ನ ಊಟಕ್ಕೆ ನಾವು ಅಕ್ಕನ ಮನೆ ಸೇರುವ ಹೊತ್ತಿಗೆ ಮರಳುತ್ತಾರೆ, ಮುಖ ಅರಳಿದೆ.

"ಕುರ್ಚಿ ಕೊಟ್ಟು ಕೂರಿಸಿದ್ರು ಕಣಮ್ಮ! ಈ ಸಲ ಮರ ನಂಬಬೇಡಿ, ಬಂಡೆಯಿಂದ ಅಳೀರಿ ಅಂದೆ. ಒಪ್ಕೊಂಡ್ರು."

"ಹುಗೀಬೇಡಿ ಅಂತ ಹೇಳಿದ್ರಾ ಅಪ್ಪಾ?"

"ಅದನ್ನ ನಾನು ಹೇಳಿದ್ರೆ ಕೇಳ್ತಾರಾ? ಬಂಡೆಯಿಂದ ಅಳೆದ್ರೆ ಮುಂದೆ ತೆಗೆಯೋರಿಗೆ ಸಲೀಸು."

ಅಕ್ಕ ಬಾಗಿಲ ಬಳಿ ಪಾಠ ಓದುತ್ತಿರುವ ಮಗಳತ್ತ ನೋಡುತ್ತಾರೆ. "ತೆಗೆಯೋರು ಅಂದ್ರೆ ಯಾರಪ್ಪಾ? ಇವಳಾ?"

ಅಕ್ಕ ನೀರು ಕುಡಿದು, ಸರಳು ಒರೆಸಿಕೊಂಡು ಮತ್ತೆ ಹೊರಡುತ್ತಾರೆ. ಹೇಗಿದ್ದರೂ ಮತ್ತೆ ಬಾಂಬ್ ಹುಗಿಯುವ ಹೊಲವನ್ನು ಇನ್ನೇಕೆ ಶುಚಿ ಮಾಡುತ್ತೀರಿ ಎಂದು ನಾನು ಕೇಳುತ್ತೇನೆ.

"ಸೇನೆಯವ್ರು ಬರೋಕೆ ಮುಂಚೆ ಮಗಳ ಕೈ ಹಿಡ್ಕೊಂಡು ಆ ಕಡೆಗೆ ದಾಟ್ಬೇಕು. ಇದು ಬರೀ ಹೊಲ ಆಗಿದ್ದನ್ನ ಅವಳು ಒಂದು ದಿನವಾದ್ರೂ ನೋಡಿರ್ಲಿ."